ಬೆಟ್ಟ ಸುಡಲು ಕಲಿಸಿದ ಮೇಸ್ತ್ರಿ

"ಬುದ್ಧಿ, ಎಷ್ಟು ಹೇಳಿದರೂ ಕಲಿಯದವರನ್ನು ಏನು ಮಾಡಬೇಕು?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಕೇಳಿದ ಅನ್ನುವುದಕ್ಕಿಂತ ಗೋಳಿಟ್ಟ ಅಂದರೆ ಸರಿ. ಮಠದ ಪಂಕ್ತಿಯಲ್ಲಿ ಊಟ ಬಡಿಸಲು ಹೊಸದಾಗಿ ಬಂದ ಆರು ಜನರನ್ನು ಗುರುಗಳು ಅವನ ಕೈಗೆ ಒಪ್ಪಿಸಿ ಎರಡು ತಿಂಗಳಾಗಿತ್ತು. ಉಪ್ಪು ಮೊದಲು, ಮಜ್ಜಿಗೆ ಕೊನೆಗೆ ಎಂದು ಅವನು ದಿನವೂ ಹೇಳುತ್ತಿದ್ದ. ಆ ದಿನ ಒಬ್ಬ ಪಾಯಸದ ಮೇಲೆ ಸಾರು ಹುಯ್ದಿದ್ದ. ಇನ್ನೊಬ್ಬ ಎದ್ದು ಹೋದವರ ಎಲೆಗೆ ಅನ್ನ ಹಾಕಿ, ಸಾಕೋ ಇನ್ನೂ ಬೇಕೋ ಎಂದು ಎಲೆಯನ್ನೇ ಕೇಳಿದ್ದ. ಚೆನ್ನವೀರನಿಗೆ ಸಾಕಾಗಿತ್ತು. ಆರೂ ಜನರನ್ನು ನಾಳೆ ಬೆಳಗ್ಗೆ ಅವರವರ ಊರಿಗೆ ಕಳಿಸಿಬಿಡುತ್ತೇನೆ, ಅಪ್ಪಣೆ ಕೊಡಿ, ಇನ್ನು ನಾನೊಬ್ಬನೇ ಬಡಿಸುತ್ತೇನೆ ಎಂದ.

ಗುರುಗಳು ಅವನಿಗೆ ಚಾಪೆ ತೋರಿಸಿದರು. ಕುಳಿತುಕೋ ಎಂದರು. ಅವನು ಕುಳಿತ. ಅವರು ಕತೆ ಹೇಳಿದರು.

ಒಂದು ಊರು. ಊರಿನ ಬೆನ್ನಿಗೆ ಒಂದು ಹುಲ್ಲಿನ ಬೆಟ್ಟ. ಊರಲ್ಲಿ ಇಪ್ಪತ್ತು ಮನೆ. ಇಪ್ಪತ್ತಕ್ಕೂ ಹುಲ್ಲಿನ ಮಾಡು. ಬೆಟ್ಟದ ಕೆಳಗಿನ ಅರ್ಧದಲ್ಲಿ ಬೆಳೆಯುವುದು ಮಾಡಿಗೆ ಹೊದಿಸುವ ಹುಲ್ಲು. ಅದು ನಿಂತಲ್ಲೇ ಪೂರ್ತಿ ಒಣಗಬೇಕು. ಅವಸರಪಟ್ಟು ಕೊಯ್ದರೆ ಮೊದಲ ಮಳೆಗೇ ಕೊಳೆತು ಮಲಗಿದವರ ಮೂಗಿನ ಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ಅರ್ಧದಲ್ಲಿ ಬೆಳೆಯುವುದು ಯಾವ ಕೆಲಸಕ್ಕೂ ಬಾರದ ಒರಟು ಹುಲ್ಲು. ದನ ಮೂಸುವುದೂ ಇಲ್ಲ. ಅದು ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಯಾರೋ ಒಬ್ಬ ಬೀಡಿಯ ತುಂಡು ಬಿಸಾಡುತ್ತಾನೆ, ಮೇಲಿನದು ಹತ್ತಿಕೊಂಡು ಕೆಳಗಿನದನ್ನೂ ತಿನ್ನುತ್ತದೆ. ಬೀಡಿ ಯಾರದು ಎಂದು ಕೇಳಿದರೆ ಊರಲ್ಲಿ ಯಾರೂ ಬೀಡಿಯನ್ನು ಕಣ್ಣಲ್ಲಿ ಕಂಡವರೇ ಇಲ್ಲ.

ಎರಡು ವರ್ಷ ಹೀಗೇ ಆಯಿತು. ಎರಡು ಮಳೆಗಾಲ ಜನ ಕೊಡೆ ಹಿಡಿದು ಮುದ್ದೆ ತಿರುವಿದರು. ಮೂರನೆಯ ವರ್ಷ ಹಿರಿಯರು ಕೂತು ಒಂದು ಮಾತಿಗೆ ಬಂದರು. ಮೇಲಿನ ಹುಲ್ಲನ್ನು ಚಳಿಗಾಲದಲ್ಲೇ ನಾವೇ ಸುಟ್ಟುಬಿಡೋಣ. ಬೇಸಿಗೆಗೆ ಅಲ್ಲಿ ಸುಡಲು ಏನೂ ಉಳಿದಿರಬಾರದು. ಮಾತು ಸರಿಯಾಗಿತ್ತು. ಆದರೆ ಬೆಂಕಿಯನ್ನು ಅರ್ಧ ಬೆಟ್ಟಕ್ಕೆ ಹಚ್ಚಿ ಅರ್ಧ ಬೆಟ್ಟಕ್ಕೆ ಬಾರದಂತೆ ನಿಲ್ಲಿಸುವವರು ಯಾರು? ಹಚ್ಚಲು ಎಲ್ಲರಿಗೂ ಬರುತ್ತಿತ್ತು. ಅಷ್ಟನ್ನು ಅವರು ಆಗಲೇ ಎರಡು ಸಲ ಮಾಡಿ ತೋರಿಸಿದ್ದರು.

ಅದಕ್ಕೆ ದೂರದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಅವನು ಹತ್ತು ಬೆಟ್ಟ ಸುಟ್ಟವನು, ಒಂದು ಗುಡಿಸಲನ್ನೂ ಸುಡದವನು. ಊರ ಗೌಡ ಅವನ ಮುಂದೆ ಹನ್ನೆರಡು ಜನರನ್ನು ನಿಲ್ಲಿಸಿದ. ಒಬ್ಬ ಕುಂಬಾರ, ಒಬ್ಬ ಅಗಸ, ಒಬ್ಬ ಕ್ಷೌರಿಕ, ಕುರಿ ಕಾಯುವ ತಿಪ್ಪಕ್ಕ ಎಂಬ ಹೆಂಗಸು, ಉಳಿದವರು ಬೇಸಾಯದವರು. ಮಾಡಿನ ಹುಲ್ಲಿಗೆ ಒಂದು ಕಿಡಿ ತಾಕಬಾರದು, ಇವರನ್ನು ತಯಾರು ಮಾಡಿಕೊಡಿ ಎಂದ ಗೌಡ. ಹದಿನೈದು ದಿನ ಸಾಕು ಎಂದ ಮೇಸ್ತ್ರಿ. ಆಗ ಅವನು ಇನ್ನೂ ಆ ಹನ್ನೆರಡು ಜನರ ಜೊತೆ ಮಾತಾಡಿರಲಿಲ್ಲ.

ಕೆಲಸ ಇಷ್ಟೇ. ಬೆಟ್ಟದ ನಡುವೆ ಅಡ್ಡಕ್ಕೆ ಮೂರು ಮಾರು ಅಗಲ ಹುಲ್ಲು ಕೆತ್ತಿ ಬರೀ ಮಣ್ಣು ಕಾಣುವ ಹಾಗೆ ಮಾಡಬೇಕು. ಅದು ಬೆಂಕಿ ಗೆರೆ. ಮಂಜು ಆರಿದ ಮೇಲೆ, ಗಾಳಿ ಏಳುವ ಮೊದಲು, ಗೆರೆಯ ಮೇಲ್ಗಡೆ ಹುಲ್ಲಿಗೆ ಪಂಜು ಮುಟ್ಟಿಸಬೇಕು. ಪಂಜು ಹಿಡಿಯಲು ಮೂರು ಜನ ಸಾಕು. ಉಳಿದ ಒಂಬತ್ತು ಜನ ನೆನೆಸಿದ ಗೋಣಿಚೀಲ ಹಿಡಿದು ಗೆರೆಯ ಉದ್ದಕ್ಕೂ ನಿಲ್ಲಬೇಕು. ಹಚ್ಚಿ ಮುಗಿದ ಮೇಲೆ ಆ ಮೂವರೂ ಬಂದು ಅವರ ಜೊತೆ ನಿಲ್ಲಬೇಕು. ನಿಲ್ಲುವುದು ಹೇಗೆ? ಬೆಂಕಿಗೆ ಬೆನ್ನು ಮಾಡಿ. ಬೆಂಕಿ ಉರಿಯುವ ಕಡೆ ನೋಡುವುದಕ್ಕೆ ಏನೂ ಇಲ್ಲ, ಅದು ಉರಿಯಲೆಂದೇ ಹಚ್ಚಿದ್ದು. ನೋಡಬೇಕಾದದ್ದು ಉರಿಯದ ಕಡೆ. ತಲೆಯ ಮೇಲಿಂದ ಹಾರಿಹೋದ ಒಂದು ಕಿಡಿ ಕೆಳಗಿನ ಹುಲ್ಲಿನಲ್ಲಿ ಬಿದ್ದರೆ, ಅದು ಅಂಗೈಯಷ್ಟು ಆಗುವ ಮೊದಲು ಹೋಗಿ ಬಡಿದು ಬರಬೇಕು.

ಮೇಸ್ತ್ರಿ ಇದನ್ನು ಹೇಳಿ, ಯಾರಿಗೆ ಯಾವ ಕೆಲಸ ಬೇಕು ಎಂದು ಕೇಳಿದ. ಹನ್ನೆರಡೂ ಜನ ಪಂಜು ಬೇಕು ಎಂದರು.

ಚೀಟಿ ಹಾಕಿ ಮೂವರನ್ನು ಆರಿಸಿದ. ಉಳಿದ ಒಂಬತ್ತು ಜನ ಮುಖ ಊದಿಸಿಕೊಂಡರು. ಕೆರೆಯ ಏರಿಯ ಕೆಳಗೆ ಒಂದು ತುಂಡು ಹುಲ್ಲು ನೋಡಿ ಅಲ್ಲಿ ಅಭ್ಯಾಸಕ್ಕೆ ಬೆಂಕಿ ಹಾಕಿಸಿದ. ಎಲ್ಲರೂ ಹೇಳಿದ ಹಾಗೆ ಬೆನ್ನು ಮಾಡಿ ನಿಂತರು. ಹುಲ್ಲು ಚಟಪಟ ಅಂದಿತು. ಒಂಬತ್ತು ತಲೆಗಳು ಒಟ್ಟಿಗೆ ತಿರುಗಿದವು. ತಿರುಗಿದ್ದು ತಲೆ ಮಾತ್ರ ಅಲ್ಲ, ಕಾಲೂ ತಿರುಗಿತು. ಸ್ವಲ್ಪ ಹೊತ್ತಿಗೆ ಒಂಬತ್ತೂ ಜನ ಸಾಲಾಗಿ ನಿಂತು ಚಳಿ ಕಾಯಿಸಿಕೊಳ್ಳುತ್ತಿದ್ದರು. ಅಗಸ ಅಂಗೈ ಕೂಡ ಚಾಚಿದ್ದ.

ಮೇಸ್ತ್ರಿ ಬೈದ. ಕ್ಷೌರಿಕ ಸಮಾಧಾನ ಮಾಡಲು ನೋಡಿದ.

"ಇಷ್ಟು ಕಷ್ಟಪಟ್ಟು ಹಚ್ಚಿ ನೋಡಬೇಡಿ ಅಂದ್ರೆ ಹೆಂಗೆ ಮೇಸ್ತ್ರೀ? ಮದುವೆ ಮಾಡಿಸಿ ಮದುಮಗಳ ಮುಖ ನೋಡಬೇಡ ಅಂದಂಗಾಯ್ತು."

ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ. ಮರುದಿನ ಪಕ್ಕದ ತುಂಡಿಗೆ ಬೆಂಕಿ ಹಾಕಿಸಿ ಮತ್ತೆ ಹೇಳಿದ. ಮತ್ತೆ ತಿರುಗಿದರು. ಮೂರನೆಯ ದಿನ ಹೇಳಿದ. ತಿರುಗಿದರು. ನಾಲ್ಕನೆಯ ದಿನ ಅವನಿಗೆ ಒಂದು ಉಪಾಯ ಹೊಳೆಯಿತು. ಹೇಳಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಬಾಯಿಪಾಠ ಮಾಡಿಸೋಣ ಅಂದುಕೊಂಡ. ಬೆಂಕಿಗೆ ಬೆನ್ನು, ಹುಲ್ಲಿಗೆ ಕಣ್ಣು ಎಂದು ನೂರು ಸಲ ಹೇಳಿಸಿದ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಅವನಿಗೆ ಸ್ವಲ್ಪ ನೆಮ್ಮದಿಯಾಯಿತು. ಐದನೆಯ ದಿನ ಬರುವಷ್ಟರಲ್ಲಿ ಕುಂಬಾರ ಅದಕ್ಕೊಂದು ರಾಗ ಹಾಕಿದ್ದ. ಅಗಸ ಗೋಣಿಚೀಲ ಬಡಿದು ತಾಳ ಕೊಟ್ಟ. ಹನ್ನೆರಡು ಜನ ಸೊಗಸಾಗಿ ಹಾಡಿದರು, ಬೆಂಕಿಗೆ ಬೆನ್ನು, ಹುಲ್ಲಿಗೆ ಕಣ್ಣು. ಬೆಂಕಿಯನ್ನೇ ನೋಡುತ್ತಾ ಹಾಡಿದರು. ಬಡಿದ ಗೋಣಿಯ ನೀರೆಲ್ಲ ಹಾರಿಹೋಗಿ ಅದು ಒಣಗಿ ಹಪ್ಪಳವಾಗಿತ್ತು.

ಮೇಸ್ತ್ರಿ ಒಂದು ಕಲ್ಲಿನ ಮೇಲೆ ಕೂತು ತನ್ನ ತಲೆಯನ್ನು ತಾನೇ ಎರಡು ಸಲ ಬಡಿದುಕೊಂಡ.

ಆರನೆಯ ದಿನ ಅವನು ಮಾತು ಬಿಟ್ಟ. ಅವರೆಲ್ಲ ಬೆಂಕಿ ನೋಡುತ್ತಿರುವಾಗ ಹಿಂದಿನಿಂದ ಹೋಗಿ ಹನ್ನೆರಡು ಜನರ ಬುತ್ತಿಯನ್ನೂ ಎತ್ತಿಕೊಂಡು ಬಂದು, ಮರದ ಕೆಳಗೆ ಕೂತು, ಒಬ್ಬೊಬ್ಬರದು ಒಂದೊಂದು ತುತ್ತು ರುಚಿ ನೋಡಿದ. ಮಧ್ಯಾಹ್ನ ಗಲಾಟೆಯಾಯಿತು. ನಿಮ್ಮ ಹಿಂದೆ ಕಳ್ಳ ಬಂದರೂ ಗೊತ್ತಾಗುವುದಿಲ್ಲ, ಕಿಡಿ ಬಿದ್ದರೆ ಗೊತ್ತಾಗುತ್ತದೆಯೇ ಎಂದು ಕೇಳಿದ. ಎಲ್ಲರೂ ತಲೆ ತಗ್ಗಿಸಿದರು. ಈ ಸಲ ನಾಟಿತು ಅಂದುಕೊಂಡ. ನಾಟಿತ್ತು. ಮರುದಿನ ಅವರು ತಮ್ಮೊಳಗೆ ಮಾತಾಡಿಕೊಂಡು ಬುತ್ತಿ ಕಾಯಲು ಒಬ್ಬನನ್ನು ನೇಮಿಸಿದ್ದರು. ಉಳಿದ ಹನ್ನೊಂದು ಜನ ಯಾವ ಚಿಂತೆಯೂ ಇಲ್ಲದೆ ಬೆಂಕಿ ನೋಡಿದರು.

ಸರಿ, ನಿಮಗೆ ಬುತ್ತಿಯ ಮೇಲೆ ಕಣ್ಣು ತಾನೇ ಎಂದು ಮೇಸ್ತ್ರಿ ಪ್ರತಿಯೊಬ್ಬರ ಬುತ್ತಿಯನ್ನೂ ಅವರವರ ಎದುರಿಗೆ, ಉರಿಯದ ಹುಲ್ಲಿನೊಳಗೆ ಇಟ್ಟ. ಬುತ್ತಿ ಸುಟ್ಟರೆ ಉಪವಾಸ ಎಂದ. ಆ ದಿನ ಮೊದಲ ಸಲ ಹನ್ನೆರಡು ತಲೆಗಳು ಉರಿಯದ ಕಡೆಗೆ ತಿರುಗಿ ನಿಂತವು. ಅಂತೂ ದಾರಿ ಸಿಕ್ಕಿತು ಎಂದು ಅವನು ಉಸಿರು ಬಿಟ್ಟ. ಅರ್ಧ ಗಳಿಗೆಯಲ್ಲಿ ಮಾತು ಶುರುವಾಯಿತು. ಕುಂಬಾರನ ಬುತ್ತಿಯಲ್ಲಿ ಮೊಟ್ಟೆ ಇದೆಯಂತೆ. ಇಲ್ಲವಂತೆ. ಇದೆಯಂತೆ, ಮೊನ್ನೆ ರುಚಿ ನೋಡಿದ ಮೇಸ್ತ್ರಿಯನ್ನೇ ಕೇಳೋಣವಂತೆ. ಒಬ್ಬ ಜಾಗ ಬಿಟ್ಟು ಕೇಳಲು ಬಂದ. ಅವನ ಹಿಂದೆ ಇನ್ನಿಬ್ಬರು ತೀರ್ಪು ಕೇಳಲು ಬಂದರು. ಗೆರೆಯ ಮೇಲೆ ಮೂರು ಜನರ ಜಾಗ ಖಾಲಿ ಬಿತ್ತು.

ಆಗ ಮೇಸ್ತ್ರಿಯ ತಾಳ್ಮೆ ಕಿತ್ತುಹೋಯಿತು. ಇನ್ನು ಮೇಲೆ ಗೆರೆಯ ಮೇಲೆ ಯಾರೂ ಬಾಯಿ ಬಿಡಬಾರದು. ನಾನು ಹೇಳದೆ ಯಾರೂ ಜಾಗ ಬಿಟ್ಟು ಕದಲಬಾರದು. ಕದಲಿದರೆ ಎಲ್ಲರೂ ಮೊದಲಿನಿಂದ ಗೆರೆ ಕೆತ್ತಬೇಕು. ಹೀಗೆಂದು ಕಟ್ಟಪ್ಪಣೆ ಮಾಡಿದ. ತಿಪ್ಪಕ್ಕ ಮಾತ್ರ ಒಂದು ಪ್ರಶ್ನೆ ಕೇಳಿದಳು. ಕಿಡಿ ಬಿದ್ದರೆ ಹೋಗಿ ಬಡಿಯಬೇಕು ಎಂದು ಮೊದಲ ದಿನ ಹೇಳಿದ್ದಿರಲ್ಲ, ಅದಕ್ಕೂ ಕೇಳಬೇಕೇ ಎಂದಳು. ಅವಳು ದಿನಕ್ಕೆ ಹತ್ತು ಪ್ರಶ್ನೆ ಕೇಳುವವಳು. ಕುರಿಗಳ ಜೊತೆ ಒಬ್ಬಳೇ ಇದ್ದು ಇದ್ದು, ಮನುಷ್ಯರು ಸಿಕ್ಕಾಗ ಎಲ್ಲವನ್ನೂ ಕೇಳಿ ಮುಗಿಸುವ ಅಭ್ಯಾಸ. ಎಲ್ಲಕ್ಕೂ ಕೇಳಬೇಕು ಎಂದ ಮೇಸ್ತ್ರಿ. ಅದಕ್ಕೂ ಕೇಳಬೇಕು, ಸೀನುವುದಕ್ಕೂ ಕೇಳಬೇಕು.

ಹದಿನೈದು ದಿನ ಹೋಗಿ ಇಪ್ಪತ್ತಾಯಿತು. ಗೌಡ ಬಂದು ಬಂದು ಕೇಳುತ್ತಿದ್ದ. ಮೇಲಿನ ಹುಲ್ಲು ದಿನದಿನಕ್ಕೆ ಒಣಗುತ್ತಿದೆ, ಇನ್ನು ತಡ ಮಾಡಿದರೆ ಹತೋಟಿಯಲ್ಲಿ ಸುಡಲಿಕ್ಕೇ ಆಗುವುದಿಲ್ಲ, ಕೊನೆಗೆ ಬೀಡಿಯೇ ಸುಡುತ್ತದೆ ಎಂದ. ಇವರನ್ನು ನಂಬಿ ಹಚ್ಚುವುದಕ್ಕಿಂತ ಬೀಡಿಯನ್ನು ನಂಬುವುದು ಮೇಲು ಎಂದ ಮೇಸ್ತ್ರಿ. ಆದರೂ ದಿನವೂ ನಿಲ್ಲಿಸಿದ. ಸೊಪ್ಪಿನ ಬರಲುಕಡ್ಡಿ ತೆಗೆದುಕೊಂಡು ತಿರುಗಿದ ತಲೆಗೆ ಒಂದೊಂದು ಕೊಟ್ಟ. ಕ್ರಮೇಣ ಹಾಡು ನಿಂತಿತು. ನಗು ನಿಂತಿತು. ಮೊಟ್ಟೆಯ ವಿಷಯ ತೀರ್ಮಾನವಾಗದೇ ಹೋಯಿತು. ಇಪ್ಪತ್ತೈದನೆಯ ದಿನ ಹನ್ನೆರಡು ಜನ ಹನ್ನೆರಡು ಗೂಟದ ಹಾಗೆ ನಿಂತರು. ಬೆನ್ನ ಹಿಂದೆ ಬೆಂಕಿ ಗರ್ಜಿಸಿದರೂ ಒಬ್ಬನ ಕಿವಿಯೂ ಅಲ್ಲಾಡಲಿಲ್ಲ. ನಾಳೆ ಬೆಟ್ಟ ಸುಡೋಣ ಎಂದು ಮೇಸ್ತ್ರಿ ಗೌಡನಿಗೆ ಹೇಳಿ ಕಳಿಸಿದ.

ಬೆಳಗ್ಗೆ ಮಂಜು ಆರಿತು. ಗಾಳಿ ಇರಲಿಲ್ಲ. ಗೆರೆ ಸರಿಯಾಗಿತ್ತು, ಗೋಣಿಚೀಲ ನೆನೆದಿತ್ತು, ಕೊಡಗಳಲ್ಲಿ ನೀರು ತುಂಬಿತ್ತು. ಪಂಜಿನವರು ಹಚ್ಚಿ ಬಂದು ಸಾಲಿನಲ್ಲಿ ನಿಂತರು. ಮೇಲಿನ ಹುಲ್ಲು ಹತ್ತಿಕೊಂಡಿತು. ಹನ್ನೆರಡು ಜನ ಬೆನ್ನು ಮಾಡಿ ಕೆಳಗಿನ ಹುಲ್ಲಿನ ಮೇಲೆ ಕಣ್ಣಿಟ್ಟು ನಿಂತರು. ಆ ಹುಲ್ಲಿನಾಚೆ ಬಂಡಿದಾರಿ, ಬಂಡಿದಾರಿಯಾಚೆ ಅವರ ಮನೆಗಳು. ಮನೆಗಳ ಮುಂದೆ ಅವರ ಹೆಂಡಿರು, ಮಕ್ಕಳು ನಿಂತು ನೋಡುತ್ತಿದ್ದರು.

ಮೇಸ್ತ್ರಿ ಸಾಲಿನ ಎದುರಿಗೆ, ಹತ್ತು ಮಾರು ಕೆಳಗೆ ನಿಂತಿದ್ದ. ಅಲ್ಲಿ ನಿಂತರೆ ಹನ್ನೆರಡು ಮುಖಗಳೂ ಒಟ್ಟಿಗೆ ಕಾಣುತ್ತಿದ್ದವು. ಆ ಕೊನೆಯಿಂದ ಈ ಕೊನೆಗೆ ನಡೆದ. ಈ ಕೊನೆಯಿಂದ ಆ ಕೊನೆಗೆ ನಡೆದ. ಒಬ್ಬನ ಕತ್ತು ಚೂರು ಓರೆಯಾಗಿತ್ತು, ನೆಟ್ಟಗೆ ಮಾಡು ಎಂದ. ಅಗಸ ಗೋಣಿಚೀಲವನ್ನು ಬಲಗೈಯಿಂದ ಎಡಗೈಗೆ ದಾಟಿಸಿದ, ಕಣ್ಣು ಬಿಟ್ಟು ಹೆದರಿಸಿದ. ಬೇರೆ ಯಾವ ತಪ್ಪೂ ಸಿಗಲಿಲ್ಲ. ಇಪ್ಪತ್ತೈದು ದಿನ ಅವನು ಬಡಿದುಕೊಂಡ ತಲೆಗೆ ಅಂದು ಬೆಲೆ ಬಂದಿತ್ತು.

ಬೆಂಕಿ ಮುಕ್ಕಾಲು ಕೆಲಸ ಮುಗಿಸಿತ್ತು. ಆಗ ಬೆಟ್ಟದ ತಲೆಯಿಂದ ಒಂದು ಸುಳಿಗಾಳಿ ಇಳಿಯಿತು. ಉರಿಯುವ ಹುಲ್ಲಿನ ಒಂದು ಹಿಡಿ ಮೇಲೆದ್ದು, ಸಾಲನ್ನು ದಾಟಿ, ಮೇಸ್ತ್ರಿಯ ಮುಂಡಾಸನ್ನೂ ದಾಟಿ, ಅವನ ಬೆನ್ನ ಹಿಂದೆ ಐದು ಮಾರು ದೂರದಲ್ಲಿ ಮಾಡಿನ ಹುಲ್ಲಿನೊಳಗೆ ಬಿದ್ದಿತು.

ಹನ್ನೆರಡು ಜನ ನೋಡಿದರು. ಯಾರೂ ಮಾತಾಡಲಿಲ್ಲ. ತಿಪ್ಪಕ್ಕ ಕೈ ಎತ್ತಿದಳು.

ಮೇಸ್ತ್ರಿಗೆ ರೇಗಿತು. ಇಷ್ಟು ಚೆನ್ನಾಗಿ ನಡೆದ ಕೆಲಸವನ್ನು ಕೊನೆ ಗಳಿಗೆಯಲ್ಲಿ ಕೆಡಿಸಲು ಇವಳಿಗೆ ಹನ್ನೊಂದನೆಯ ಪ್ರಶ್ನೆ ಹುಟ್ಟಿದೆ ಅಂದುಕೊಂಡ.

"ಕೈ ಇಳಿಸು ತಿಪ್ಪಕ್ಕ."

"ಮೇಸ್ತ್ರೀ, ನಿಮ್ಮ ಹಿಂದೆ..."

"ನನ್ನ ಹಿಂದಿನದು ನಿನಗ್ಯಾಕೆ? ನಿನ್ನ ಕೆಲಸ ನೀನು ನೋಡು."

"ಅದನ್ನೇ ನೋಡ್ತಾ ಇದೀನಿ."

ಎದುರು ಮಾತಾಡುತ್ತೀಯಾ, ಇನ್ನೊಂದು ಮಾತಾಡಿದರೆ ಹನ್ನೆರಡು ಜನರ ಕೈಯಲ್ಲೂ ಮತ್ತೆ ಗೆರೆ ಕೆತ್ತಿಸುತ್ತೇನೆ ಎಂದು ಅವನು ಕೂಗಿದ. ಉಳಿದ ಹನ್ನೊಂದು ಜನ ಅವಳ ಕಡೆ ಕೆಕ್ಕರಿಸಿ ನೋಡಿದರು. ಅವರ ಕೈಯಲ್ಲಿ ಕೆತ್ತಿ ಕೆತ್ತಿ ಬೊಬ್ಬೆ ಬಂದಿತ್ತು. ಅವಳು ಕೈ ಇಳಿಸಿದಳು. ಆಮೇಲೆ ಗೋಣಿಚೀಲ ಹಿಡಿದು ಜಾಗ ಬಿಟ್ಟು ಓಡಿದಳು. ಮೇಸ್ತ್ರಿ ಎರಡೂ ಕೈ ಚಾಚಿ ಅವಳನ್ನು ತಡೆದ. ಅವಳು ಅವನನ್ನು ನೂಕಿ ದಾಟಿದಳು. ಅವನು ಬಿದ್ದ. ಬಿದ್ದಾಗ ಮುಖ ಆ ಕಡೆ ತಿರುಗಿತು. ಅಷ್ಟು ಹೊತ್ತಿಗೆ ಅಂಗೈಯಷ್ಟಿದ್ದದ್ದು ಅಂಗಳದಷ್ಟಾಗಿತ್ತು.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಹನ್ನೆರಡು ಜನ ಬಿದ್ದು ಎದ್ದು ಬಡಿದರು. ತಿಪ್ಪಕ್ಕನ ಸೆರಗಿನ ಅಂಚು ಸುಟ್ಟಿತು, ಕುಂಬಾರನ ಮೀಸೆ ಸುಟ್ಟಿತು. ಬೆಂಕಿಯನ್ನು ಬಂಡಿದಾರಿಯ ಹತ್ತಿರ ನಿಲ್ಲಿಸಿದರು. ಮನೆಗಳು ಉಳಿದವು. ಮಾಡಿನ ಹುಲ್ಲು ಅರ್ಧ ಹೋಯಿತು. ಉಳಿದದ್ದನ್ನು ಹಂಚಿಕೊಂಡಾಗ ಹತ್ತು ಮನೆಗೆ ಬಂತು, ಹತ್ತು ಮನೆಗೆ ಬರಲಿಲ್ಲ. ಬಾರದವರಲ್ಲಿ ತಿಪ್ಪಕ್ಕನೂ ಒಬ್ಬಳು. ಆ ಮಳೆಗಾಲ ಅವಳು ಕುರಿಗಳ ಜೊತೆ ಪಕ್ಕದವರ ಜಗಲಿಯಲ್ಲಿ ಮಲಗಿದಳು.

ಅದೇ ದಿನ ಪಂಚಾಯಿತಿ ಸೇರಿತು. ಮೇಸ್ತ್ರಿ ಮುಂಡಾಸು ಕೊಡವಿಕೊಂಡು ಎದ್ದು ನಿಂತ. ಇಪ್ಪತ್ತೈದು ದಿನ ಗಂಟಲು ಹರಿದುಕೊಂಡೆ, ಒಬ್ಬಳು ಜಾಗ ಬಿಟ್ಟು ಓಡಿದಳು, ಹನ್ನೊಂದು ಜನ ಕಂಡರೂ ಬಾಯಿ ಬಿಡಲಿಲ್ಲ, ಇಂಥವರಿಗೆ ಕಲಿಸಲು ಬ್ರಹ್ಮನಿಂದಲೂ ಆಗುವುದಿಲ್ಲ ಎಂದ. ಗೌಡ ತಲೆ ಕೆರೆದುಕೊಂಡ. ಬಾಯಿ ಬಿಡಬೇಡಿ ಎಂದವನೂ ಇವನೇ, ಬಾಯಿ ಬಿಡಲಿಲ್ಲ ಎನ್ನುವವನೂ ಇವನೇ. ಮೇಸ್ತ್ರಿ ಗಂಟು ಕಟ್ಟಿಕೊಂಡು ಹೊರಟುಹೋದ. ದಾರಿಯ ಊರೂರಲ್ಲೂ ನಿಂತು, ಎಷ್ಟು ಹೇಳಿದರೂ ಕಲಿಯದ ಜನ ಎಂದು ಆ ಊರಿನ ಹೆಸರು ಹೇಳಿಕೊಂಡು ಹೋದ.

ಗುರುಗಳು ಕತೆ ಮುಗಿಸಿದರು. ಚೆನ್ನವೀರನಿಗೆ ಮೇಸ್ತ್ರಿಯ ಮೇಲೆ ಕನಿಕರವೇ ಹುಟ್ಟಿತ್ತು. ಮೊಟ್ಟೆಗೆ ಜಗಳವಾಡುವವರನ್ನು, ತಾಳ ಹಾಕುವವರನ್ನು ಕಟ್ಟಿಕೊಂಡು ಪಾಪ ಅವನಾದರೂ ಏನು ಮಾಡಿಯಾನು ಎಂದ. ನನ್ನ ಆರು ಜನರೂ ಅಂಥವರೇ ಎಂದ. ಆದರೂ ಒಂದು ಅನುಮಾನ ಅವನಲ್ಲಿ ಉಳಿಯಿತು.

"ಬುದ್ಧಿ, ಹತ್ತು ಬೆಟ್ಟ ಸುಟ್ಟವನು ಅವನು. ಅಷ್ಟು ಹತ್ತಿರ ಬಿದ್ದ ಬೆಂಕಿ ಹನ್ನೆರಡು ಜನರಿಗೂ ಕಂಡಿತು. ಅವನೊಬ್ಬನಿಗೆ ಮಾತ್ರ ಯಾಕೆ ಕಾಣಲಿಲ್ಲ?"

ಗುರುಗಳು ಎದ್ದರು. ರಾತ್ರಿಯ ಊಟದ ಗಂಟೆಯಾಗಿತ್ತು. ಆರು ಜನ ಬಾಗಿಲಲ್ಲಿ ಬಂದು, ಬಡಿಸಬೇಕೋ ಬೇಡವೋ ತಿಳಿಯದೆ ಚೆನ್ನವೀರನ ಮುಖ ನೋಡುತ್ತಾ ನಿಂತಿದ್ದರು.

"ಅವರು ಬೆಂಕಿಗೆ ಬೆನ್ನು ಮಾಡಿ ನಿಂತಿದ್ದಾರೋ ಇಲ್ಲವೋ ನೋಡಲು, ಅವನು ಬೆಂಕಿಗೆ ಮುಖ ಮಾಡಿ ನಿಂತಿದ್ದನಪ್ಪ" ಎಂದರು.